ಅರ್ಧ ಟ್ಯಾಂಕ್

ಬೆಟ್ಟದ ರಸ್ತೆ ಶುರುವಾಗುವ ಗೇಟಿನ ಹತ್ತಿರ ಕಿತ್ತಳೆ ಬಣ್ಣದ ಕೋಟಿನವನು ಒಂದೊಂದೇ ಕಾರಿನ ಕಿಟಕಿಗೆ ಬಗ್ಗಿ ಅದೇ ಪ್ರಶ್ನೆ ಕೇಳುತ್ತ ಬರುತ್ತಿದ್ದ. ಈಸ್ಟರ್ ರಜೆ ಶುರುವಾಗಿತ್ತು, ಬೆಟ್ಟದ ಮೇಲೆ ಹಿಮಗಾಳಿ ಎದ್ದಿತ್ತು. ಇಂಥ ದಿನ ಯಾರನ್ನೂ ಒಂಟಿಯಾಗಿ ಮೇಲಕ್ಕೆ ಬಿಡುವುದಿಲ್ಲ. ಮುಂದೆ ಹಿಮ ತಳ್ಳುವ ಲಾರಿ, ಅದರ ಹಿಂದೆ ಕಾರುಗಳ ಸಾಲು, ಕೊನೆಯಲ್ಲಿ ಕಾವಲಿಗೆ ಇನ್ನೊಂದು ಲಾರಿ. ಒಮ್ಮೆ ಸಾಲು ಸೇರಿದರೆ ತಿರುಗುವಂತಿಲ್ಲ, ಇಳಿಯುವಂತಿಲ್ಲ.

“ಡೀಸೆಲ್ ಎಷ್ಟಿದೆ? ಬೆಚ್ಚನೆ ಬಟ್ಟೆ ಕಾರೊಳಗೇ ಇದೆಯಾ?”

“ಅರ್ಧ ಟ್ಯಾಂಕ್ ಇದೆ. ಬಟ್ಟೆ ಬೇಕಾದಷ್ಟಿದೆ,” ಎಂದ ತೂರ್ಲೈವ್.

ಪಕ್ಕದಲ್ಲಿದ್ದ ಅವನ ಹೆಂಡತಿ ಗುನ್‌ವೋರ್ ಡೀಸೆಲ್ ಮುಳ್ಳನ್ನು ನೋಡಿದಳು. ಕಾಲು ಭಾಗಕ್ಕೂ ಒಂದು ಕೂದಲು ಕೆಳಗಿತ್ತು. ಹೇಳಿಬಿಡಬೇಕೆಂದು ಅವಳ ನಾಲಿಗೆ ತುದಿಗೆ ಬಂತು. ಆದರೆ ಅಪರಿಚಿತನ ಎದುರು ಕಟ್ಟಿಕೊಂಡ ಗಂಡನನ್ನು ಸುಳ್ಳ ಎನ್ನುವುದು ಹೇಗೆ? ಕೋಟಿನವನು ಕಾರಿನ ಹಿಂದೆ ಕಟ್ಟಿದ್ದ ಕ್ಯಾರವಾನನ್ನು, ಆ ಗಾಲಿಮನೆಯನ್ನು, ಅನುಮಾನದಿಂದ ನೋಡಿ, “ಗಾಳಿ ಇನ್ನೊಂಚೂರು ಜೋರಿದ್ದಿದ್ರೆ ನಿಮ್ಮನ್ನ ಬಿಡ್ತಿರ್ಲಿಲ್ಲ,” ಎಂದು ಮುಂದೆ ಹೋದ. ಮಾತು ಅವಳ ಬಾಯಲ್ಲೇ ಉಳಿಯಿತು.

ಇಷ್ಟಕ್ಕೆಲ್ಲ ಕಾರಣ ಕಾರಿನ ತಲೆಯ ಮೇಲೆ ಕೂತಿದ್ದ ಆ ಉದ್ದನೆಯ ಸಾಮಾನು ಪೆಟ್ಟಿಗೆ. ಅದು ಗಾಳಿಗೆ ಅಡ್ಡವಾಗಿ ಡೀಸೆಲ್ ಕುಡಿಯುತ್ತದೆ, ಬೇಡ ಎಂದು ಅವಳು ಮನೆಯಲ್ಲೇ ಹೇಳಿದ್ದಳು. “ಹಿಂದೆ ಅಷ್ಟು ದೊಡ್ಡ ಕ್ಯಾರವಾನ್ ಗೋಡೆ ಥರ ನಿಂತಿರೋವಾಗ ಮುಂದೆ ಈ ಪೆಟ್ಟಿಗೆ ಇದ್ರೇನು, ಬಿಟ್ರೇನು? ಗಾಳಿ ಹೇಗೂ ಗೋಡೆಗೆ ಬಡಿಯುತ್ತೆ. ಪೆಟ್ಟಿಗೆ ಲೆಕ್ಕಕ್ಕೇ ಬರಲ್ಲ ಕಣೇ,” ಎಂದಿದ್ದ ತೂರ್ಲೈವ್. ಇಂಟರ್ನೆಟ್ಟಿನಲ್ಲಿ ಕ್ಯಾರವಾನಿನವರ ಗುಂಪಿನಲ್ಲಿ ಯಾರೋ ಹಾಗೆ ಬರೆದಿದ್ದರಂತೆ. ಅವನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಕಣಿವೆಯಲ್ಲಿ ಗಾಳಿ ಇರಲಿಲ್ಲವಾದ್ದರಿಂದ ಅವನ ಮಾತೇ ನಿಜವಾಗಿ, ಬೀಗಿಹೋಗಿದ್ದ. ಆ ಬೀಗಾಟದಲ್ಲೇ ಕೊನೆಯ ಪಂಪನ್ನೂ ದಾಟಿಸಿದ್ದ. “ಆಚೆ ಇಳಿದ್ಮೇಲೆ ನಮ್ಮ ಮಾಮೂಲಿ ಪಂಪಲ್ಲೇ ಹಾಕ್ಸೋಣ.”

ಬೆಟ್ಟದ ಗಾಳಿ ಆ ಗುಂಪಿನವರ ಬರಹ ಓದಿರಲಿಲ್ಲ. ಏರಿದ ಮೇಲೆ ಅದು ಎದುರಿನಿಂದಲೇ ನುಗ್ಗಿತು. ಪೆಟ್ಟಿಗೆ ಊಳಿಡತೊಡಗಿತು, ಕ್ಯಾರವಾನ್ ಹಿಂದಕ್ಕೆ ಜಗ್ಗಿತು, ಎರಡನೇ ಗೇರಿನಲ್ಲೂ ಎಂಜಿನ್ ಏದುಸಿರು ಬಿಟ್ಟಿತು. ಮುಂದಿನ ಕಾರಿನ ಎರಡು ಕೆಂಪು ದೀಪ ಬಿಟ್ಟರೆ ಜಗತ್ತೆಲ್ಲ ಬಿಳಿ. ಗುನ್‌ವೋರ್ ಒಮ್ಮೆ ದೀಪ, ಒಮ್ಮೆ ಮುಳ್ಳು ನೋಡುತ್ತ ಕೂತಳು. ಮುಳ್ಳು ಇಳಿಯುತ್ತಲೇ ಇತ್ತು.

ಆಮೇಲೆ ಸಾಲು ನಿಂತಿತು. ಮುಂದೆಲ್ಲೋ ಸರಕು ಲಾರಿಯೊಂದು ಅಡ್ಡಡ್ಡ ಜಾರಿದೆ ಎಂದು ರೇಡಿಯೊ ಹೇಳಿತು, ಎಷ್ಟು ಹೊತ್ತಾಗುತ್ತದೆಂದು ಹೇಳಲಿಲ್ಲ. ನಿಂತಲ್ಲೇ ಎಂಜಿನ್ ಓಡುತ್ತಿತ್ತು, ಹೀಟರ್ ಓಡಬೇಕಲ್ಲ. ಡೀಸೆಲ್ ಮುಗಿಯುತ್ತ ಬಂತೆನ್ನುವ ಹಳದಿ ದೀಪ ಹತ್ತಿತು. ಹಿಂದಿನ ಸೀಟಿನಲ್ಲಿ ಐದು ವರ್ಷದ ಮಗಳು ಎಲ್ಡ್ರಿ ತೆಳು ಸ್ವೆಟರಿನಲ್ಲಿ ಕಿತ್ತಳೆ ಹಣ್ಣು ಸುಲಿಯುತ್ತಿದ್ದಳು. ಸೀಟಿನ ಬೆಲ್ಟಿಗೆ ಅಡ್ಡಿಯೆಂದು ಅವಳ ದಪ್ಪ ಕೋಟನ್ನೂ ಪೆಟ್ಟಿಗೆಗೇ ತುಂಬಿದ್ದರು. ಉಣ್ಣೆ, ಮಲಗುಚೀಲ, ಎಲ್ಲ ತಲೆಯ ಮೇಲೆಯೇ.

ತೂರ್ಲೈವ್ ಇಳಿದು ಹೋಗಿ, ಉಸಿರು ಕಟ್ಟಿದವನಂತೆ ವಾಪಸು ಬಂದ. “ಬೀಗ ಹಿಮಗಟ್ಟಿದೆ. ಒಡೆದು ತೆಗೆದ್ರೂ ಮುಚ್ಚಳ ಹಾರಿಹೋಗಿ ಹಿಂದಿನ ಕಾರಿನ ಗಾಜಿಗೆ ಬಡಿಯುತ್ತೆ.”

“ಕ್ಯಾರವಾನಿಗೆ ಹೋಗೋಣ. ಗ್ಯಾಸ್ ಹಚ್ಚಿದ್ರೆ ಬೆಚ್ಚಗಾಗುತ್ತೆ.”

ಅವನು ತೋಳಿನ ಹಿಮ ಕೊಡವತೊಡಗಿದ.

“ಏನು?”

“ಸಿಲಿಂಡರ್ ಮನೇಲೇ ಬಿಟ್ಟೆ. ನಾವು ಹೋಗೋ ಕ್ಯಾಂಪಲ್ಲಿ ಕರೆಂಟ್ ಇದೆಯಲ್ಲ. ಭಾರ ಕಮ್ಮಿಯಾದ್ರೆ ಡೀಸೆಲ್ ಉಳಿಯುತ್ತೆ ಅಂತ.”

“ಪೆಟ್ಟಿಗೆ ಡೀಸೆಲ್ ಕುಡಿಯಲ್ಲ, ಸಿಲಿಂಡರ್ ಮಾತ್ರ ಕುಡಿಯುತ್ತಾ?”

ಅವಳು ನಾಲ್ಕೂ ದೀಪ ಮಿಣುಕಿಸುವ ಗುಂಡಿಗೆ ಕೈ ಚಾಚಿದಳು. ಕಾವಲು ಲಾರಿಯವನು ನೋಡಿದರೂ ನೋಡಿಯಾನು. ತೂರ್ಲೈವ್ ಅವಳ ಮಣಿಕಟ್ಟು ಹಿಡಿದ. “ಬೇಡ್ವೇ. ಈಸ್ಟರಿಗೆ ಬೆಟ್ಟದಲ್ಲಿ ಸಿಕ್ಕಿಹಾಕ್ಕೊಂಡ ದಡ್ಡರು ಅಂತ ನಾಳೆ ಊರೆಲ್ಲ ನಗುತ್ತೆ. ಇನ್ನೇನು ಸಾಲು ಹೊರಡುತ್ತೆ.”

“ಹಿಂದಕ್ಕೆ ತಿರುಗೋದ್ರಲ್ಲಿ ನಾಚಿಕೆ ಇಲ್ಲ,” ಎಂದಳು ಎಲ್ಡ್ರಿ, ಶಿಶುವಿಹಾರದಲ್ಲಿ ಬಾಯಿಪಾಠ ಮಾಡಿಸಿದ ಬೆಟ್ಟದ ನಿಯಮವನ್ನು ರಾಗವಾಗಿ.

“ಈಗ ತಿರುಗೋಕೆ ಜಾಗ ಇಲ್ಲ ಮಗಳೇ,” ಎಂದು ಗುನ್‌ವೋರ್ ಕೈ ಬಿಡಿಸಿಕೊಂಡು ಗುಂಡಿ ಒತ್ತಿದಳು.

ಯಾರೂ ಬರಲಿಲ್ಲ. ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಆಗ ಗಾಳಿಯ ಸದ್ದು ಎಷ್ಟು ದೊಡ್ಡದೆಂದು ತಿಳಿಯಿತು. ಅವಳು ಹಿಂದಿನ ಸೀಟಿಗೆ ದಾಟಿ, ಮಗುವಿನ ಪಾದಗಳನ್ನು ತನ್ನ ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡಳು. ಅವು ಆಗಲೇ ತಣ್ಣಗಿದ್ದವು. ಗಾಜಿನ ಒಳಬದಿಗೂ ಹಿಮ ಕಟ್ಟತೊಡಗಿತು. ಈ ಮಗು ನನ್ನ ಕೈಯಲ್ಲೇ ಹೋಗಿಬಿಡುತ್ತದೆ ಎನ್ನುವ ಯೋಚನೆ ಬಂತು. ಎಷ್ಟು ದೂಡಿದರೂ ಅದು ಹೋಗಲಿಲ್ಲ.

ಯಾರೋ ಗಾಜು ಬಡಿದರು. ಬಾಗಿಲು ತೆರೆದರೆ ಒಬ್ಬ ಮುದುಕಿ, ಹುಬ್ಬಿನ ತುಂಬ ಹಿಮ. ಹಿಂದಿನ ಕಾರಿನವಳು. ಕ್ಯಾರವಾನಿನ ಗೋಡೆ ತಡವಿಕೊಂಡು ಬಂದಿದ್ದಳು.

“ನಮ್ಮದು ಕರೆಂಟ್ ಕಾರು ಕಣಮ್ಮ. ಚಾರ್ಜ್ ಮುಗೀತಾ ಬಂತು ಅಂತ ಹೀಟರ್ ಆರಿಸಿದೀವಿ. ನಮ್ಮೆಜಮಾನ್ರಿಗೆ ಎದೆ ಆಪರೇಷನ್ ಆಗಿದೆ. ದಾರಿಯುದ್ದಕ್ಕೂ ನಿಮ್ಮ ಕ್ಯಾರವಾನ್ ನೋಡ್ಕೊಂಡೇ ಧೈರ್ಯವಾಗಿದ್ವಿ. ಗ್ಯಾಸ್ ಹಚ್ಚಿದ್ರೆ ಅವರನ್ನ ಒಂದರ್ಧ ಗಂಟೆ ಮಲಗಿಸ್ಬಹುದಾ?”

ತೂರ್ಲೈವ್ ಸ್ಟಿಯರಿಂಗ್ ನೋಡುತ್ತಿದ್ದ.

“ಗ್ಯಾಸ್ ಇಲ್ಲ,” ಎಂದಳು ಗುನ್‌ವೋರ್. “ಡೀಸೆಲ್ಲೂ ಮುಗೀತು. ಗೇಟಲ್ಲಿ ನಾವು ಸುಳ್ಳು ಹೇಳಿದ್ವಿ.”

ಮುದುಕಿಯ ಮುಖ ಇಳಿದುಹೋಯಿತು. ಬೈಯಲಿ ಎಂದು ಗುನ್‌ವೋರ್ ಕಾದಳು, ಬೈದಿದ್ದರೆ ಹಗುರಾಗುತ್ತಿತ್ತು. ಮುದುಕಿ ಮಗುವಿನ ಸ್ವೆಟರ್ ನೋಡಿದಳು, ಬರಿಗಾಲು ನೋಡಿದಳು.

“ನಮ್ಮತ್ರ ಎರಡು ಕುರಿಚರ್ಮ, ಕಂಬಳಿ ಇದೆ. ನಮ್ಮವರ ಮಗ್ಗುಲಲ್ಲಿ ಒಬ್ಬರಿಗೆ ಜಾಗ ಆಗುತ್ತೆ. ಮಗೂನ ಕೊಡು. ನಮ್ಮ ಕಾರು ತಲುಪಿದ್ಮೇಲೆ ಹಾರನ್ ಹೊಡೀತೀನಿ.”

ಗುನ್‌ವೋರಳ ಬೆರಳಿಗೆ ಬೆಲ್ಟು ಬಿಚ್ಚಲು ಬರಲಿಲ್ಲ. ಮುದುಕಿಯೇ ಬಿಚ್ಚಿ, ಎಲ್ಡ್ರಿಯನ್ನು ತನ್ನ ಕೋಟಿನೊಳಗೆ ಸೇರಿಸಿಕೊಂಡಳು. “ನೀನು ಬರಲ್ವಾ ಅಮ್ಮಾ?” ಎಂದಿತು ಕೋಟಿನೊಳಗಿನ ದನಿ.

“ಜಾಗ ಇಲ್ಲ ಪುಟ್ಟಾ. ನಾನು ಇಲ್ಲೇ ಮುಂದಿರ್ತೀನಿ.”

ಎರಡು ಹೆಜ್ಜೆಗೆ ಇಬ್ಬರೂ ಬಿಳಿಯಲ್ಲಿ ಕರಗಿಹೋದರು. ತೆರೆದ ಬಾಗಿಲಲ್ಲಿ ಕಿವಿಯಿಟ್ಟು ಕೂತಳು ಗುನ್‌ವೋರ್. ಗಾಳಿ, ಪೆಟ್ಟಿಗೆಯ ಊಳು, ಬೇರೇನಿಲ್ಲ.

“ಬಾಗಿಲು ಮುಚ್ಚೇ,” ಎಂದ ತೂರ್ಲೈವ್ ಮೆಲ್ಲಗೆ. “ಇರೋ ಕಾವೂ ಹೊರಟುಹೋಗುತ್ತೆ.”

“ಯಾವ ಕಾವು?”

ಬಾಗಿಲ ಮೇಲಿದ್ದ ಅವಳ ಕೈ ಹಿಮಕ್ಕೆ ಮರಗಟ್ಟುತ್ತ ಬಂತು, ಆದರೂ ಅವಳು ಮುಚ್ಚಲಿಲ್ಲ. ತುಂಬ ಹೊತ್ತಿನ ಮೇಲೆ ಹಿಂದಿನಿಂದ ಹಾರನ್ ಒಂದು ಸಲ ಕ್ಷೀಣವಾಗಿ ಕೇಳಿತು. ಅವಳು ಬಾಗಿಲು ಮುಚ್ಚಿ ಅಳತೊಡಗಿದಳು.