ಹನ್ನೆರಡನೆಯ ಹಲಗೆಯವನ ಕತ್ತು

ಸುಗುಣನ್ ಚೇಟ್ಟ ಎಲ್ಲರೆದುರಿಗೆ ನನ್ನ ಕತ್ತಿನ ಹಿಂಭಾಗವನ್ನು ಹೆಬ್ಬೆರಳಿನಿಂದ ಒತ್ತಿದರು. ನಾನು ‘ಅಮ್ಮಾ’ ಎಂದು ಕಿರುಚಿದೆ.

“ಏನೋ ಜೋಯಿಕುಟ್ಟಿ, ನೀರಿಗೆ ಬಿದ್ದ ಉಂಗುರ ಹುಡುಕ್ತಿದೀಯಾ? ತಲೆ ಎತ್ತೋ ಮಾರಾಯ!”

ನಮ್ಮೂರ ಚುಂಡನ್ ದೋಣಿಯಲ್ಲಿ, ಅಂದರೆ ಪಂದ್ಯದ ಉದ್ದನೆಯ ಹಾವುದೋಣಿಯಲ್ಲಿ, ತೊಂಬತ್ತು ಜನ ಹುಟ್ಟು ಹಾಕುತ್ತಾರೆ. ನಾವೆಲ್ಲ ಚೇಟ್ಟ, ಅಂದರೆ ಅಣ್ಣ, ಎಂದು ಕರೆಯುವ ಸುಗುಣನ್ ಅದರ ನಾಯಕ. ಎಡಬದಿಯ ಹನ್ನೆರಡನೆಯ ಹಲಗೆಯ ಮೇಲೆ ಇಪ್ಪತ್ತೆರಡು ವರ್ಷ ನನ್ನ ಅಪ್ಪ ಕೂತಿದ್ದರು. ಅವರು ತೀರಿದ ಮೇಲೆ ಆ ಜಾಗ ನನ್ನದು. ಆದರೆ ಈಚೆಗೆ ಹುಟ್ಟು ಹಾಕುವುದಕ್ಕೆ ಹೊರಗಿನಿಂದ ಜನರನ್ನು ಕರೆಸುತ್ತಾರೆ. ತಾಕತ್ತಿಲ್ಲದವನ ಹಲಗೆ ಒಂದೇ ದಿನದಲ್ಲಿ ಬೇರೆಯವನ ಪಾಲಾಗುತ್ತದೆ.

ನನ್ನ ಕತ್ತು ಹೀಗೆ ಬಾಗಿ ನೋಯುವುದೇಕೆ ಎಂದು ಊರಿಗೆಲ್ಲ ಗೊತ್ತು. ನನ್ನ ಹೆಂಡತಿ ಸಾಲಿಯಮ್ಮ ಕುವೈತಿನ ಆಸ್ಪತ್ರೆಗೆ ನರ್ಸಾಗಿ ಹೋಗಿ ಐದು ವರ್ಷವಾಯಿತು. ಮಕ್ಕಳಿಲ್ಲ. ಅವಳ ಪಾಳಿಗೆ ಹೊತ್ತುಗೊತ್ತಿಲ್ಲ, ಹಾಗಾಗಿ ಅವಳ ಕರೆಗೂ ಇಲ್ಲ. ದಿನವಿಡೀ ಫೋನು ಹಿಡಿದು ಕೂರುತ್ತಿದ್ದೆ. ಸುಳ್ಳೇಕೆ ಹೇಳಲಿ, ಅವಳು ಮಾತಾಡುತ್ತಿದ್ದುದು ಹತ್ತು ನಿಮಿಷ. ಉಳಿದ ಹೊತ್ತೆಲ್ಲ ಯಾರೋ ಕುಣಿಯುವುದನ್ನು, ಯಾರೋ ಮೀನು ಹುರಿಯುವುದನ್ನು ಬೆರಳಲ್ಲಿ ತಳ್ಳುತ್ತ ನೋಡುತ್ತಿದ್ದೆ. ಫೋನು ಹೊತ್ತು ಹೊತ್ತು ಕಿರುಬೆರಳಲ್ಲಿ ಗುಳಿ ಬಿದ್ದಿತ್ತು. ಕೈಯ ಹಿಡಿತ ಹೋಗಿ ತೆಂಗಿನಕಾಯಿ ಸುಲಿಯಲೂ ಪಕ್ಕದ ಮನೆಯವನನ್ನು ಕರೆಯಬೇಕಾಗಿತ್ತು. ನಾಚಿಕೆಗೇಡು.

ಆ ಮಧ್ಯಾಹ್ನ ಅಭ್ಯಾಸದಲ್ಲಿ ಹತ್ತು ನಿಮಿಷ ಹುಟ್ಟು ಹಾಕುವಷ್ಟರಲ್ಲಿ ಅಂಗೈ ಜೋಮು ಹಿಡಿಯಿತು. ಅಷ್ಟರಲ್ಲಿ ಸೊಂಟದಲ್ಲಿ ಸಿಕ್ಕಿಸಿದ್ದ ಫೋನು ನಡುಗಿತು. ನಾನು ತಗ್ಗಿ ನೋಡಿದೆ. ಹಿಂದಿನವನ ಹುಟ್ಟು ನನ್ನ ಹುಟ್ಟಿಗೆ ಬಡಿದು ಇಡೀ ದೋಣಿ ವಾಲಿತು. ಉಳಿದ ಎಂಬತ್ತೊಂಬತ್ತು ಬಾಯಿಗಳೂ ಒಟ್ಟಿಗೆ ನನ್ನನ್ನು ಬೈದವು. ಬಂದದ್ದು ಅವಳ ಕರೆಯೂ ಅಲ್ಲ, ಯಾವುದೋ ಸೀರೆ ಅಂಗಡಿಯ ಜಾಹೀರಾತು.

ದಡಕ್ಕೆ ಬಂದ ಮೇಲೆ ಸುಗುಣನ್ ಚೇಟ್ಟ ಹೇಳಿದರು: “ನಾಳೆಯಿಂದ ಹದಿನೈದು ದಿನ ಶಿಬಿರ. ಎಲ್ಲಾರೂ ಇಲ್ಲೇ ಊಟ, ಇಲ್ಲೇ ನಿದ್ದೆ. ಹೆಂಡತಿ ಹತ್ರ ಹೋಗೋ ಹಾಗಿಲ್ಲ.”

“ಜೋಯಿಗೇನು ಬಿಡಿ ಚೇಟ್ಟ, ಐದು ವರ್ಷದಿಂದ ವ್ರತದಲ್ಲೇ ಇದಾನೆ!” ಎಂದು ಯಾರೋ ಕೂಗಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ?

ಚೇಟ್ಟ ನಗಲಿಲ್ಲ. “ಇವನ ಹೆಂಡತಿ ಇರೋದು ಫೋನಲ್ಲಿ. ಅದನ್ನ ಮನೇಲಿಟ್ಟು ಬಾ. ಹದಿನಾರನೇ ದಿನ ಕತ್ತು ನೋಡ್ತೀನಿ. ನೆಟ್ಟಗಿದ್ರೆ ಹಲಗೆ ನಿಂದು, ಇಲ್ದಿದ್ರೆ ದಡದಲ್ಲಿ ನಿಂತು ಚಪ್ಪಾಳೆ ತಟ್ಟು.”

ಸಾಲಿಯಮ್ಮನಿಗೆ ನಾನು ವಿಷಯ ತಿಳಿಸಲಿಲ್ಲ. ಬೇಕೆಂದೇ. ಕರೆ ಮಾಡಿ ಮಾಡಿ ಅವಳು ಸ್ವಲ್ಪ ಕಂಗಾಲಾಗಲಿ ಎಂಬ ಆಸೆ. ಒಂದು ಕರೆಯೂ ಲೆಕ್ಕ ತಪ್ಪಬಾರದೆಂದು ಫೋನನ್ನು ಚಾರ್ಜರಿಗೆ ಸಿಕ್ಕಿಸಿಯೇ ಮನೆಗೆ ಬೀಗ ಹಾಕಿದೆ.

ಶಿಬಿರದಲ್ಲಿ ದಿಂಬಿಲ್ಲದೆ ಹಲಗೆಯ ಮೇಲೆ ಮಲಗಿಸಿದರು. ಮುಂಜಾನೆ ಈಜು, ಆಮೇಲೆ ಗಂಜಿ, ಮೊಟ್ಟೆ, ಮತ್ತೆ ಹುಟ್ಟು. ಮೊದಲ ವಾರ ಊಟದ ನಡುವೆಯೂ ಕೈ ಸೊಂಟ ತಡವುತ್ತಿತ್ತು. ಎರಡನೆಯ ವಾರ ಕೈಗೆ ಹಿಡಿತ ಬಂತು. ಮುಂದೆ ಕೂತವನ ಬೆನ್ನ ಮೇಲಿನ ಮಚ್ಚೆಗಳು ಕಾಣತೊಡಗಿದವು. ಒಳಗೊಳಗೆ ಮಾತ್ರ ಎಣಿಸುತ್ತಿದ್ದೆ: ಇವತ್ತಿಗೆ ಇಪ್ಪತ್ತು ಸಲ ಕರೆ ಮಾಡಿರಬೇಕು, ಇವತ್ತಿಗೆ ಮೂವತ್ತು. ಪಾಪ, ಅಳುತ್ತಿರಬೇಕು.

ಹದಿನಾರನೆಯ ದಿನ ಸೋಮವಾರ. ಚೇಟ್ಟ ಹೆಬ್ಬೆರಳು ಒತ್ತಿದರು. ನಾನು ಅಲುಗಲಿಲ್ಲ.

“ಅಪ್ಪನ ಮಗ ಕಣೋ ನೀನು. ಹೋಗು, ಕೂತ್ಕೋ,” ಎಂದರು.

ಅಭ್ಯಾಸ ಮುಗಿದದ್ದೇ ಮನೆಗೆ ಓಡಿದೆ. ಫೋನಿನ ತುಂಬ ಸಂದೇಶಗಳು. ಸಾಲಿಯಮ್ಮನದು ಒಂದೇ ಒಂದು ಕರೆ, ನಾನು ಹೋದ ಮಾರನೆಯ ದಿನದ್ದು. ಕೆಳಗೆ ಒಂದು ಸಾಲು: ‘ಬ್ಯುಸಿ ಇರಬೇಕು. ಪರವಾಗಿಲ್ಲ.’

ನಾನೇ ಕರೆ ಮಾಡಿದೆ.

“ಅಚ್ಚಾಯ! ಹೇಗಿದೀರಿ?” ಅವಳ ದನಿ ಹಗುರವಾಗಿತ್ತು. ಅಷ್ಟು ಹಗುರವಾಗಿ ನಾನು ಕೇಳಿ ವರ್ಷಗಳಾಗಿದ್ದವು.

ಶಿಬಿರದ ಕಥೆ ಹೇಳಿದೆ. ಹಲಗೆ ಉಳಿಯಿತು ಎಂದೆ. ಅವಳು ನಿಜವಾಗಿಯೂ ಹಿಗ್ಗಿದಳು.

“ಹದಿನೈದು ದಿನ ಮಾತಿಲ್ಲ, ನಿನಗೆ ಭಯ ಆಗ್ಲಿಲ್ವಾ?”

“ನಿಮ್ಮ ಚಿಕ್ಕಮ್ಮನ ಕೇಳ್ದೆ, ಶಿಬಿರಕ್ಕೆ ಹೋಗಿದಾರೆ ಅಂದ್ರು.” ಆಮೇಲೆ ಹೇಳಿದಳು: “ಬೇಜಾರು ಮಾಡ್ಕೋಬೇಡಿ ಅಚ್ಚಾಯ. ನೀವು ಫೋನು ಹಿಡ್ಕೊಂಡು ಕಾಯ್ತಿರ್ತೀರ ಅಂತ, ಡ್ಯೂಟಿ ಮುಗಿಸಿ ಬಂದು ಕಣ್ಣು ಎಳೀತಿದ್ರೂ ಫೋನ್ ಮಾಡ್ತಿದ್ದೆ. ಐದು ವರ್ಷದಲ್ಲಿ ಈಗಲೇ ನಾನು ಬಂದವಳು ಬಂದ ಹಾಗೆ ಮಲಗಿದ್ದು.”

ನಾನು ಕಿರುಬೆರಳಿನ ಗುಳಿಯನ್ನು ಹೆಬ್ಬೆರಳಿನಿಂದ ಉಜ್ಜಿದೆ.

“ಇನ್ಮೇಲೆ ಭಾನುವಾರ ಭಾನುವಾರ ಮಾತಾಡೋಣ, ಆಗಬಹುದಾ? ನಿಮ್ಮ ಕತ್ತಿಗೂ ಒಳ್ಳೇದು.”

“ಆಗಬಹುದು,” ಎಂದೆ.

ಅವಳು ಫೋನಿಟ್ಟಳು. ಭಾನುವಾರಕ್ಕೆ ಇನ್ನೂ ಆರು ದಿನವಿತ್ತು.