ಸಂಜೆಗೆ ನಿಲ್ಲಿಸೋಣ

ಹೊನ್ನಯ್ಯ ಕೂಟಗಲ್‌ನಲ್ಲಿ ಬಸ್ಸಿಳಿದಾಗ ಊರೆಲ್ಲ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಅವನಪ್ಪ ಕುರಿ ಕೂಡುತ್ತಿದ್ದ ಕೊಟ್ಟಿಗೆಯಲ್ಲಿ ಈಗ ಹುಳು ಸಾಕುವ ತಟ್ಟೆಗಳು ಸೂರು ಮುಟ್ಟಿದ್ದವು. ರೇಷ್ಮೆಗೆ ಬೆಲೆ ಬಂದಿದ್ದ ಕಾಲ ಅದು. ರಾಗಿ ಹೊಲಗಳು ಸೊಪ್ಪಿನ ತೋಟಗಳಾಗಿದ್ದವು. ಅಣ್ಣ ಕೆಂಪಯ್ಯ ಹುಳುವಿನ ಮನೆಯನ್ನು ಹೆಂಡತಿ ಬೀರಮ್ಮನಿಗೆ ಒಪ್ಪಿಸಿ, ರಾಮನಗರದಲ್ಲಿ ಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡನ್ನೇ ಹಾಕಿಕೊಂಡಿದ್ದ.

ಹೊನ್ನಯ್ಯ ರಜೆಯ ಮೇಲೆ ಬಂದಿದ್ದಾನೆ ಎಂದಷ್ಟೇ ಊರವರಿಗೆ ಗೊತ್ತು. ಆದರೆ ಆ ರಜೆ ಅವನು ಕೇಳಿ ಪಡೆದದ್ದಲ್ಲ. ಸಮುದ್ರದ ದಂಡೆಯ ಒಂದು ಅಣು ವಿದ್ಯುತ್ ಸ್ಥಾವರದಲ್ಲಿ ಅವನು ಇಂಜಿನಿಯರ್. ರಿಯಾಕ್ಟರಿನ ನೆತ್ತಿಯ ಮೇಲೆ ಅದನ್ನು ಆರಿಸುವ ಸರಳುಗಳು ವಿದ್ಯುತ್ ಕಾಂತದ ಹಿಡಿತದಲ್ಲಿ ಸದಾ ತೂಗುತ್ತಿರುತ್ತವೆ. ಅಪಾಯ ಕಂಡರೆ ಕರೆಂಟು ಕಡಿದುಹೋಗಬೇಕು, ಸರಳುಗಳು ತಮ್ಮ ಭಾರಕ್ಕೆ ತಾವೇ ಬೀಳಬೇಕು, ಒಳಗಿನ ಬೆಂಕಿ ನಿಲ್ಲಬೇಕು. ಅಪಾಯವನ್ನು ಅಳೆಯಲು ಮೂರು ಮಾಪಕಗಳಿರುತ್ತವೆ. ಒಂದು ಸುಳ್ಳು ಹೇಳಬಹುದು ಎಂಬ ಕಾರಣಕ್ಕೆ, ಕನಿಷ್ಠ ಎರಡು ಒಪ್ಪಿದರೆ ಮಾತ್ರ ಸರಳು ಬೀಳುವ ಏರ್ಪಾಡು. ಆ ದಿನ ಮೂರರಲ್ಲಿ ಒಂದು ರಿಪೇರಿಗೆ ಹೋಗಿತ್ತು. ಉಳಿದ ಎರಡರಲ್ಲಿ ಒಂದು, ತಣಿಸುವ ನೀರು ಕಡಿಮೆಯಾಗುತ್ತಿದೆ ಎಂದಿತು. ಇನ್ನೊಂದು, ಎಲ್ಲ ಸರಿಯಾಗಿದೆ ಎಂದಿತು. ಹೊನ್ನಯ್ಯ ಕೈಯಿಂದಲೇ ನಿಲ್ಲಿಸುವ ಕೆಂಪು ಗುಂಡಿ ಒತ್ತಿದ.

ಸರಳುಗಳು ಬಿದ್ದವು. ಊರೂರುಗಳು ಕತ್ತಲಾದವು. ಹಾಗೆ ನಿಂತ ರಿಯಾಕ್ಟರ್ ಒಲೆಯಲ್ಲ, ಕೂಡಲೇ ಮತ್ತೆ ಹೊತ್ತಿಸಲು ಬಾರದು. ತನಿಖೆ ಮಾಡಿ ನೋಡಿದರೆ ನೀರು ಸರಿಯಾಗಿಯೇ ಇತ್ತು, ಮಾಪಕದ ಕೇಬಲ್ಲಿಗೆ ತೇವ ಹಿಡಿದಿತ್ತು ಅಷ್ಟೇ. ಮುಖ್ಯಸ್ಥರು ಗದರಲಿಲ್ಲ. "ನೆರಳು ಕಂಡರೂ ನಿಲ್ಲಿಸುವುದಾದರೆ ಸ್ಥಾವರ ಏಕೆ ಬೇಕು ಹೊನ್ನಯ್ಯ? ಸ್ವಲ್ಪ ದಿನ ಊರಿಗೆ ಹೋಗಿ ಬನ್ನಿ" ಎಂದರು. ಜೊತೆಯವರು ಕ್ಯಾಂಟೀನಿನಲ್ಲಿ ಅವನನ್ನು ಕಂಡು ಮಾತು ನಿಲ್ಲಿಸುತ್ತಿದ್ದರು. ಗದರಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ದಾರಿಯುದ್ದಕ್ಕೂ ಅನಿಸಿತ್ತು.

ಮಾರನೆಯ ಬೆಳಿಗ್ಗೆ ಕೆಂಪಯ್ಯ ತಮ್ಮನನ್ನು ಮೋಟರ್ ಬೈಕಿನಲ್ಲಿ ಕೂರಿಸಿಕೊಂಡು ಶೆಡ್ಡಿಗೆ ಕರೆದೊಯ್ದ. ತೋರಿಸುವ ಹೆಮ್ಮೆ ಅವನದು. ಸಾಲಾಗಿ ಕುದಿನೀರಿನ ಬಾಣಲೆಗಳು, ಒಂದೊಂದರ ಮುಂದೆ ಒಬ್ಬೊಬ್ಬ ಹೆಂಗಸು, ಬೆಂದ ಹುಳುವಿನ ಕಮಟು ನಾತ. ಬಾಗಿಲಿಗೆ ಹತ್ತಿರದ ಬಾಣಲೆಯಲ್ಲಿ ಖತೀಜಾ ಎಂಬಾಕೆ ಕುಳಿತಿದ್ದಳು. ನೀರಿನಲ್ಲಿ ನೆನೆದು ಬಿಳಿಚಿದ್ದ ಬೆರಳುಗಳಿಂದ ಕಣ್ಣಿಗೂ ಕಾಣದ ಎಳೆಯನ್ನು ಹಿಡಿದು ರಾಟೆಗೆ ಕೊಡುತ್ತ, ಪಕ್ಕದವಳ ಜೊತೆ ಹರಟುತ್ತಿದ್ದಳು.

"ನಿಮ್ಮ ತಮ್ಮಾನಾ ಅಣ್ಣಾ? ಕರೆಂಟ್ ಮಾಡ್ತಾರಂತಲ್ಲ," ಎಂದಳು ಅವಳು. "ನಮ್ಮ ಬೀದಿಗೂ ಒಸಿ ಕಳ್ಸಕ್ಕೇಳಿ."

ಹೊನ್ನಯ್ಯ ನಕ್ಕ. ಬಹಳ ದಿನಗಳ ಮೇಲೆ ನಕ್ಕಿದ್ದ.

ಆ ಬಾಣಲೆಗಳಿಗೆಲ್ಲ ಹಬೆ ಬರುತ್ತಿದ್ದದ್ದು ಶೆಡ್ಡಿನ ಹಿಂಬದಿಯಲ್ಲಿ ನಿಂತಿದ್ದ ಬಾಯ್ಲರಿನಿಂದ. ಯಾವುದೋ ಅಕ್ಕಿ ಗಿರಣಿ ಮುಚ್ಚಿದಾಗ ಕೆಂಪಯ್ಯ ಕೊಂಡು ತಂದಿದ್ದ ಹಳೆಯ ಸಾಮಾನು. ಮುನಿಶಾಮಯ್ಯ ಎಂಬ ಮುದುಕ ಅದಕ್ಕೆ ಸೌದೆ ಹಾಕುತ್ತಿದ್ದ. ಹೊನ್ನಯ್ಯನ ಕಣ್ಣು ಅಭ್ಯಾಸದಂತೆ ಮೊದಲು ಅದರ ಸುರಕ್ಷೆಯ ಕವಾಟಕ್ಕೆ ಹೋಯಿತು. ಒಳಗೆ ಒತ್ತಡ ಹೆಚ್ಚಿದರೆ ತಾನೇ ಎದ್ದು ಹಬೆಯನ್ನು ಹೊರಕ್ಕೆ ಬಿಡಬೇಕಾದ ಕವಾಟ ಅದು. ಅದನ್ನು ಅದುಮಿ ಹಿಡಿಯುವ ಕಬ್ಬಿಣದ ತೋಳಿನ ತುದಿಯಲ್ಲಿ ಇರಬೇಕಾದ ತೂಕದ ಜೊತೆಗೆ, ತಂತಿಯಲ್ಲಿ ಬಿಗಿದ ಒಂದು ಗುಂಡುಕಲ್ಲು ತೂಗುತ್ತಿತ್ತು.

"ಅಣ್ಣ, ಇದ್ಯಾರು ಕಟ್ಟಿದ್ದು?"

"ನಾನೇ ಕಣ್ಲಾ. ಸುಮ್ಸುಮ್ನೆ ಬುಸ್ ಅಂತ ಎದ್ಬುಡ್ತಿತ್ತು. ಹಬೆಯೆಲ್ಲ ಆಚ್ಗೋದ್ರೆ ಗೂಡು ಬೇಯಾದೆಂಗೆ? ಎಳೆ ಪಟ್ ಪಟ್ ಅಂತ ಹರೀತಿತ್ತು. ಕಲ್ಲು ಕಟ್ಟಿದ್ಮೇಲೆ ಒಂದು ತಂಟೆ ಇಲ್ಲ."

"ಅದು ಏಳೋದೇ ನಮ್ಮನ್ನ ಉಳ್ಸೋಕೆ. ಬೆಂಕಿ ಎಳ್ಸಿ ನಿಲ್ಸು."

"ಈಗ್ಲಾ?" ಕೆಂಪಯ್ಯ ಮೂಲೆಯಲ್ಲಿ ರಾಶಿ ಬಿದ್ದ ಗೂಡುಗಳತ್ತ ಕೈ ತೋರಿಸಿದ. "ಅಷ್ಟೂ ಇವತ್ತೇ ಬೇಯ್ಬೇಕು. ಬುಟ್ರೆ ಚಿಟ್ಟೆ ತೂತು ಹೊಡ್ಕಂಡು ಎದ್ದೋಯ್ತದೆ. ಅಲ್ನೋಡು, ಗೇಜ್ ಐತಲ್ಲ, ಮುಳ್ಳು ಎಲ್ಲೈತೆ? ಕೆಂಪು ಗೆರೆಯಿಂದ ಎಷ್ಟು ಕೆಳೀಕೈತೆ?"

ಹೊನ್ನಯ್ಯ ಒತ್ತಡ ತೋರಿಸುವ ಗೇಜನ್ನು ಬೆರಳಿನಿಂದ ತಟ್ಟಿದ. ಮುಳ್ಳು ಒಮ್ಮೆ ಮೇಲಕ್ಕೆ ಎಗರಿ ಮತ್ತೆ ಇದ್ದಲ್ಲಿಗೇ ಬಂದು ನಿಂತಿತು. ಆ ಮುಳ್ಳನ್ನು ನಂಬುವಂತಿಲ್ಲ ಎಂದು ಅವನ ಒಳಗು ಹೇಳಿತು. ಕವಾಟವನ್ನು ಕಟ್ಟಿಹಾಕಿದ್ದಾರೆ, ಗೇಜು ಸಿಕ್ಕಿಹಾಕಿಕೊಂಡಿದೆ. ಇನ್ನು ಒಳಗೆ ಏನಾಗುತ್ತಿದೆ ಎಂದು ಹೇಳುವವರೇ ಇಲ್ಲ. ಆದರೆ ಮುಳ್ಳು ನಿಜವೇ ಹೇಳುತ್ತಿದ್ದರೆ? ಬೆಂಕಿ ಎಳೆಸಿ, ಹೆಂಗಸರನ್ನೆಲ್ಲ ಎಬ್ಬಿಸಿ, ಅಣ್ಣನ ಗೂಡಿನ ರಾಶಿಯನ್ನು ಕೆಡಿಸಿ, ಕೊನೆಗೆ ಬಾಯ್ಲರಿಗೆ ಏನೂ ಆಗಿರಲಿಲ್ಲ ಎಂದಾದರೆ? ಕ್ಯಾಂಟೀನಿನ ಮೌನ ನೆನಪಾಯಿತು.

"ಒಂದ್ ಕೆಲ್ಸ ಮಾಡು," ಎಂದ ಕೆಂಪಯ್ಯ, ತಮ್ಮನ ಭುಜ ಹಿಡಿದು. "ಸಂಜೆ ಗಂಟ ಓಡ್ಲಿ. ಸಂಜೆಗೆ ನಿಲ್ಸೋಣ. ನೀನೇ ಬಿಚ್ಚಿ ಸರಿ ಮಾಡ್ಬುಡು. ನಿನ್ ಮಾತ್ನ ಬ್ಯಾಡ ಅಂದೀನಾ?"

"ಸರಿ," ಎಂದ ಹೊನ್ನಯ್ಯ. "ಸೌದೆ ಮಾತ್ರ ಹೆಚ್ಚಾಗಿ ಹಾಕ್ಬೇಡಿ."

ಮುನಿಶಾಮಯ್ಯ ಹೂಂಗುಟ್ಟಿದ. ಹೊಸ ಗೇಜು ಸಿಕ್ಕೀತೇನೋ ಎಂದು ಹೊನ್ನಯ್ಯ ಪೇಟೆಗೆ ಹೋದ. ಹಾರ್ಡ್‌ವೇರ್ ಅಂಗಡಿಯವನು ಏಣಿ ಹತ್ತಿ ಮೇಲಿನ ಅಟ್ಟಣೆಯಲ್ಲಿ ಡಬ್ಬಗಳನ್ನು ಸರಿಸುತ್ತಿದ್ದಾಗ ಸದ್ದು ಕೇಳಿತು. ಬೆಟ್ಟದಲ್ಲಿ ಬಂಡೆಗೆ ಮದ್ದು ಇಟ್ಟಿರಬೇಕು ಎಂದ ಅಂಗಡಿಯವನು. ಹೊನ್ನಯ್ಯ ಆಗಲೇ ಓಡುತ್ತಿದ್ದ.

ಶೆಡ್ಡಿನ ಹಿಂಗೋಡೆ ಇರಲಿಲ್ಲ. ಬಾಯ್ಲರಿನ ತಳ ಹರಿದು, ಮೈ ಮಾತ್ರ ಚಾವಣಿಯ ಶೀಟುಗಳನ್ನು ಸೀಳಿಕೊಂಡು ಹೋಗಿ ಪಕ್ಕದ ಸೊಪ್ಪಿನ ತೋಟದಲ್ಲಿ ಬಿದ್ದಿತ್ತು. ಎಲ್ಲೆಲ್ಲೂ ಹಬೆ. ಹಬೆಯೊಳಗಿಂದ ಹೆಂಗಸರು ಒಬ್ಬರನ್ನೊಬ್ಬರು ಹಿಡಿದುಕೊಂಡು ಹೊರಗೆ ಬರುತ್ತಿದ್ದರು. ಸೌದೆ ತರಲು ಹೊರಗೆ ಹೋಗಿದ್ದ ಮುನಿಶಾಮಯ್ಯ ಕೈಯಲ್ಲಿ ಸೌದೆ ಹಿಡಿದೇ ನಿಂತಿದ್ದ, ಕೆಳಗಿಡಬೇಕೆಂಬುದೂ ಅವನಿಗೆ ತೋಚಿರಲಿಲ್ಲ. ಕೆಂಪಯ್ಯ ಮುಖ ಮುಚ್ಚಿಕೊಂಡು ನೆಲದಲ್ಲಿ ಕುಳಿತಿದ್ದ. ಖತೀಜಾ ಎಲ್ಲರಿಗಿಂತ ಮೊದಲೇ ಬಾಗಿಲು ದಾಟಿ ಹೊರಬಂದಿದ್ದವಳು, ಒಳಗಿದ್ದ ಪಕ್ಕದವಳ ಕೂಗು ಕೇಳಿ ಮತ್ತೆ ಒಳಗೆ ಹೋಗಿದ್ದಳಂತೆ. ಬಾಣಲೆಗಳು ಮಗುಚಿ ಹರಿದ ಕುದಿನೀರಿನಿಂದ ಅವಳನ್ನು ಎತ್ತಿದವರು ಅಕ್ಕಪಕ್ಕದ ಶೆಡ್ಡಿನವರು.

ಯಾರದೋ ಜೀಪಿನಲ್ಲಿ ಹೊನ್ನಯ್ಯನೇ ಅವಳನ್ನೂ ಅಣ್ಣನನ್ನೂ ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದ. ಕೆಂಪಯ್ಯನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದರು. ಖತೀಜಾ ಮೂರು ದಿನ ಮಾತ್ರ ಬದುಕಿದ್ದಳು.

ತನಿಖೆಗೆ ಅಧಿಕಾರಿಯೊಬ್ಬರು ಬಂದರು. ಅವರು ಬರುವ ಮುನ್ನ ಬೀರಮ್ಮ ಹೊನ್ನಯ್ಯನ ಮುಂದೆ ಬಂದು ನಿಂತಳು. ಅವನು ಹೈಸ್ಕೂಲಿಗೆ ಹೋಗುವಾಗ ಬುತ್ತಿ ಕಟ್ಟಿಕೊಟ್ಟ ಅತ್ತಿಗೆ ಅವಳು.

"ಆ ಕಲ್ಲು ಎಲ್ಲಿ ಬಿತ್ತೋ ಯಾರಿಗೂ ಗೊತ್ತಿಲ್ಲ," ಎಂದಳು. "ಮುನಿಶಾಮಣ್ಣ ಬಾಯಿ ಬುಡಾಕಿಲ್ಲ. ನೀನೊಬ್ಬ ನೋಡ್ನಿಲ್ಲ ಅಂದ್ಬುಡು. ಕಣ್ಣೂ ಹೋಗಿ ಜೈಲಿಗೂ ಹೋಗ್ಬೇಕಾ ನಿಮ್ಮಣ್ಣ?"

ಅಧಿಕಾರಿಯ ಮುಂದೆ ಹೊನ್ನಯ್ಯ ಕಂಡದ್ದನ್ನು ಕಂಡಂತೆ ಹೇಳಿದ. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವನ ಮುಖ ನೋಡಿದರು.

"ಅಪಾಯ ಕಂಡರೆ ನಿಲ್ಲಿಸುವುದೇ ನಿಮ್ಮ ಕೆಲಸ ಅನ್ನುತ್ತೀರಿ. ಕಂಡ ಮೇಲೂ ಯಾಕೆ ನಿಲ್ಲಿಸಲಿಲ್ಲ?"

"ನಿಲ್ಲಿಸಿದ ಮೇಲೆ ಏನೂ ಆಗಿರಲಿಲ್ಲ ಅಂತಾದರೆ ಎಂದು ಹೆದರಿದೆ," ಎಂದ ಹೊನ್ನಯ್ಯ. "ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಹಾಗಾಗಿ ನಿಲ್ಲಿಸಿದ್ದು ಸರಿ ಅಂತ ಯಾರಿಗೂ ಗೊತ್ತಾಗುತ್ತಲೂ ಇರಲಿಲ್ಲ."

ಅಧಿಕಾರಿ ಅದನ್ನು ಬರೆದುಕೊಳ್ಳಲಿಲ್ಲ.

ಆಸ್ಪತ್ರೆಯಲ್ಲಿ ಕೆಂಪಯ್ಯ ಹೆಜ್ಜೆ ಸದ್ದಿನಿಂದಲೇ ತಮ್ಮನನ್ನು ಗುರುತಿಸಿದ.

"ಹೇಳ್ಬುಟ್ಟಾ?"

"ಹೇಳ್ದೆ ಅಣ್ಣ."

"ನಾನು ಕಟ್ದೆ ಅಂತ."

"ನೀನು ಕಟ್ದೆ, ನಾನು ಸರಿ ಅಂದೆ ಅಂತ."

ಕೆಂಪಯ್ಯ ಗೋಡೆಯ ಕಡೆಗೆ ಹೊರಳಿದ. "ಇನ್ಮೇಲೆ ಬರ್ಬೇಡ ಹೊನ್ನ. ಬೀರಿ ಬತ್ತಾಳೆ, ಸಾಕು."

ಕೆಂಪಯ್ಯನಿಗೆ ಒಂದು ಕಣ್ಣು ಮಾತ್ರ ಅರೆಬರೆ ಬಂತು. ಮೊಕದ್ದಮೆ ನಡೆದು ಶಿಕ್ಷೆಯೂ ಆಯಿತು. ಕೂಟಗಲ್ ಮನೆಯ ಬಾಗಿಲು ಹೊನ್ನಯ್ಯನಿಗೆ ಮತ್ತೆ ತೆರೆಯಲಿಲ್ಲ. ಅದೆಲ್ಲ ಆಮೇಲಿನ ಮಾತು. ಕೆಲಸಕ್ಕೆ ಹಿಂದಿರುಗುವ ದಿನ ಅವನು ರಾಮನಗರದಲ್ಲಿ ಇಳಿದು ಖತೀಜಾಳ ಮನೆ ಹುಡುಕಿಕೊಂಡು ಹೋದ.

ಅವಳ ತಾಯಿ ಜೈನಬ್ ಹೊಸ್ತಿಲಲ್ಲಿ ಕುಳಿತಿದ್ದಳು. ಅವನು ಯಾರೆಂದು ಹೇಳಿಕೊಂಡ. ಬಾಯ್ಲರ್ ನಿಲ್ಲಿಸಬೇಕೆಂದು ತನಗೆ ಗೊತ್ತಿತ್ತು, ನಿಲ್ಲಿಸಲಿಲ್ಲ ಎಂದೂ ಹೇಳಿದ. ಜೈನಬ್ ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

"ಜೀಪಲ್ಲಿ ನೀವೇ ಇದ್ದಿದ್ದು ಅಂದ್ರು," ಎಂದಳು. "ನನ್ನ ಮಗಳು ಏನಾರಾ ಕೇಳಿದ್ಲಾ?"

"ನೀರು ಕೇಳಿದ್ಲು."

"ಕೊಟ್ರಾ?"

"ಇಲ್ಲ. ಬೆಂದೋರಿಗೆ ಕೊಡಬಾರ್ದು ಅಂತ ಜೊತೇಲಿದ್ದೋರು ಅಂದ್ರು. ಆಸ್ಪತ್ರೆಗೆ ಹೋದ್ಮೇಲೆ ಕೊಡೋಣ ಅಂದೆ."

ಜೈನಬ್ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು.

"ಒಸಿ ಕೊಡ್ಬೇಕಿತ್ತು," ಎಂದಳು.

"ಹೂಂ," ಎಂದ ಹೊನ್ನಯ್ಯ. ಅವಳು ಹೋಗು ಎನ್ನಲಿಲ್ಲ, ಕೂರು ಎನ್ನಲಿಲ್ಲ. ಬೀದಿಯ ಶೆಡ್ಡುಗಳಲ್ಲಿ ರಾಟೆಗಳು ತಿರುಗುತ್ತಿದ್ದವು. ಅವನು ಅಲ್ಲೇ, ಬಿಸಿಲಿನಲ್ಲಿ, ನಿಂತೇ ಇದ್ದ.