ಕ್ರೇನಿನವಳು ಕಟ್ಟಿದ ಬಾಹ್ಯಾಕಾಶ ನಿಲ್ದಾಣ

ನನ್ನ ಹೆಂಡತಿ ಹದಿನೇಳು ವರ್ಷ ಬಂದರಿನಲ್ಲಿ ಕ್ರೇನ್ ನಡೆಸಿದವಳು. ನಾನು ದರ್ಜಿ. ಮನೆ ಗಾತ್ರದ ಪೆಟ್ಟಿಗೆಯನ್ನು ಹಡಗಿನಿಂದೆತ್ತಿ ಲಾರಿಯ ಮೇಲೆ ಹೂವಿನಂತೆ ಇಳಿಸುವವಳ ಮುಂದೆ, ಸೂಜಿಗೆ ದಾರ ಪೋಣಿಸುವವನ ಜಂಬ ಎಷ್ಟು ದಿನ ನಡೆದೀತು?

ಆರು ತಿಂಗಳ ಹಿಂದೆ ಗಾಳಿಗೆ ಒಂದು ಪೆಟ್ಟಿಗೆ ತೂಗಾಡಿತು. ಅವಳು ಗಾಬರಿಯಿಂದ ಬ್ರೇಕ್ ಒತ್ತಿಬಿಟ್ಟಳು. ಪೆಟ್ಟಿಗೆ ಇನ್ನೂ ಜೋರಾಗಿ ತೂಗಿ ಗೋದಾಮಿನ ಗೋಡೆ ಒಡೆಯಿತು. ಯಾರ ಕೂದಲೂ ಕೊಂಕಲಿಲ್ಲ, ಆದರೆ ಅವಳು ಮತ್ತೆ ಕ್ಯಾಬಿನ್ ಹತ್ತಲಿಲ್ಲ. ತಾನೇ ಕೇಳಿಕೊಂಡು ಉಗ್ರಾಣದ ಕೆಲಸಕ್ಕೆ ಹೋದಳು. ಕೆಲಸದ ಕೋಟಿನ ತೋಳಿನಲ್ಲಿದ್ದ, ಕ್ರೇನಿನವರ ಗುರುತಿನ ಬಟ್ಟೆಪಟ್ಟಿಯ ಮೇಲೆ ಉಗ್ರಾಣದ ಪಟ್ಟಿ ಹೊಲಿದುಕೊಡು ಅಂದಳು. ನನಗೆ ಮೈಯೆಲ್ಲ ಉರಿಯಿತು. ಆದರೂ ಹೊಲಿದುಕೊಟ್ಟೆ.

ಮಗಳು ಕಂಪ್ಯೂಟರಿಗೆ ರಾಕೆಟ್ಟಿನ ಆಟ ಹಾಕಿಕೊಟ್ಟದ್ದು ಆಗಲೇ. ಬಾಹ್ಯಾಕಾಶ ನಿಲ್ದಾಣವನ್ನು ತುಂಡು ತುಂಡಾಗಿ ಮೇಲಕ್ಕೆ ಕಳಿಸಿ ಅಲ್ಲಿಯೇ ಜೋಡಿಸಬೇಕು. ಮೊದಲು ಬೆನ್ನೆಲುಬಿನಂಥ ಉದ್ದ ಕೊಳವೆ ಹೋಯಿತು, ಆಮೇಲೆ ಸೌರಫಲಕ, ಇಂಧನದ ತೊಟ್ಟಿ, ಪ್ರಯೋಗಶಾಲೆ. ಕೆಲಸವಿಲ್ಲದ ಬಡಗಿಯ ಗಾದೆ ಹೇಳಿ ಕೆಣಕುತ್ತಿದ್ದವನು, ವಾರ ಕಳೆಯುವುದರೊಳಗೆ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕೂತಿದ್ದೆ. ಏನು ಕೈ ಅದು! ಆಟದಲ್ಲಿ ತಪ್ಪಾದರೆ ಒಂದು ಗುಂಡಿ ಒತ್ತಿ ಹಿಂದಕ್ಕೆ ಹೋಗಿ ತಿದ್ದಿಕೊಳ್ಳಬಹುದು. ಅವಳು ಒಮ್ಮೆಯೂ ಹೋಗಲಿಲ್ಲ. ಪ್ರಯೋಗಶಾಲೆ ಎರಡು ಸಲ ಗುದ್ದಿ ಪುಡಿಯಾದಾಗ ಮೂರನೆಯದನ್ನು ಕಟ್ಟಿ ಕಳಿಸಿದಳು.

"ಬಂದರಲ್ಲಿ ಹಿಂದಕ್ಕೆ ಹೋಗೋ ಗುಂಡಿ ಇದೆಯಾ?" ಎಂದು, ಹಿಂದಕ್ಕೆ ಹೋಗು ಅಂದ ಮಗಳನ್ನೇ ಕೇಳಿದಳು.

ಕೊನೆಗೆ ಉಳಿದದ್ದು ಸುತ್ತಲೂ ಕಿಟಕಿಯಿದ್ದ, ಗಗನಯಾತ್ರಿಗಳು ವಾಸಿಸುವ ಕೋಣೆ. ಅದನ್ನು ಜೋಡಿಸಲು ಕೂತದ್ದು ಭಾನುವಾರ ಮಧ್ಯಾಹ್ನ. ಕ್ರೇನೋ ಉಗ್ರಾಣವೋ ಎಂದು ಮರುದಿನ ಅವಳು ಮೇಲ್ವಿಚಾರಕರಿಗೆ ಕೊನೆಯ ಮಾತು ಹೇಳಬೇಕಿತ್ತು.

"ಇದು ಸರಿಯಾಗಿ ಕೂತ್ಕೊಂಡ್ರೆ ನಾಳೆ ಹತ್ತೀನಿ. ಇಲ್ಲಾಂದ್ರೆ ಉಗ್ರಾಣನೇ ಗಟ್ಟಿ," ಎಂದಳು. ಅವಳು ತಮಾಷೆಗೆ ಹೇಳುತ್ತಿರಲಿಲ್ಲ. ನಾನು ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡೆ.

ಇನ್ನೇನು ಹತ್ತು ಮೀಟರ್ ಇದೆ ಎನ್ನುವಾಗ ಕೋಣೆಯ ಅಂಚು ಸೌರಫಲಕಕ್ಕೆ ತಾಗಿತು. ಇಡೀ ನಿಲ್ದಾಣ ವೇಗ ಕಳೆದುಕೊಂಡ ತಕಲಿಯಂತೆ ನಿಧಾನವಾಗಿ ಸುತ್ತತೊಡಗಿತು. ಕೋಣೆ ಬಂದು ಕೂಡಬೇಕಿದ್ದ, ಕೊಳವೆಯ ತುದಿಯ ಬಾಗಿಲೂ ಅದರೊಂದಿಗೆ ಸುತ್ತುತ್ತಿತ್ತು.

"ಅಮ್ಮ, ಹಿಂದಕ್ಕೆ ಹೋಗ್ಬಿಡು. ಯಾರು ನೋಡ್ತಾರೆ?" ಎಂದಳು ಮಗಳು.

ಹೆಂಡತಿಯ ಬೆರಳು ಆಟದ ಬ್ರೇಕಿನ ಗುಂಡಿಯ ಮೇಲೆ ಹೋಯಿತು. ಗೋಡೆ ಒಡೆದ ದಿನ ಹೋದದ್ದೂ ಅದೇ ಬೆರಳು. ಆದರೆ ಒತ್ತಲಿಲ್ಲ. ಆಮೇಲೆ ಅದನ್ನು ಎತ್ತಿಕೊಂಡಳು.

"ತೂಗೋದನ್ನ ಹಿಡಿದು ನಿಲ್ಸೋಕೆ ಹೋಗ್ಬಾರ್ದು. ಅದರ ಜೊತೇಲೇ ಹೋಗ್ಬೇಕು," ಎಂದು ತನಗೆ ತಾನೇ ಹೇಳಿಕೊಂಡಳು.

ಹೊಸಬರಿಗೆ ಅವಳು ವರ್ಷಗಟ್ಟಲೆ ಕಲಿಸಿದ ಪಾಠವೇ ಅದು. ಪೆಟ್ಟಿಗೆ ಎಡಕ್ಕೆ ತೂಗಿದರೆ ಕ್ರೇನನ್ನೂ ಎಡಕ್ಕೆ ಒಯ್ಯಬೇಕು, ತೂಗಾಟ ತಾನಾಗಿ ಸಾಯುತ್ತದೆ. ಆ ಒಂದು ದಿನ ಮಾತ್ರ ಅವಳು ಅದನ್ನು ಮರೆತಿದ್ದಳು.

ಕೋಣೆಯನ್ನೂ ನಿಲ್ದಾಣದಷ್ಟೇ ವೇಗದಲ್ಲಿ ಸುತ್ತಿಸಿದಳು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಎರಡೂ ನಿಂತ ಹಾಗೆ ಕಂಡವು, ಹಿಂದಿನ ನಕ್ಷತ್ರಗಳು ಮಾತ್ರ ತಿರುಗುತ್ತಿದ್ದವು. ಆಗ ಕೋಣೆಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ಮುಂದೆ ತಂದಳು. ಬಾಗಿಲ ಹಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡವು. ಅಂಥ ಜೋಡಣೆಯನ್ನು ನನ್ನ ಜನ್ಮದಲ್ಲಿ ನಾನು ಹೊಲಿದಿಲ್ಲ, ಹೊಲಿಯುವುದೂ ಇಲ್ಲ.

ಅವಳು ಕೂಗಲಿಲ್ಲ, ಕುಣಿಯಲಿಲ್ಲ. ಒಳಗೆ ಹೋಗಿ ಕೋಟು ತಂದು ನನ್ನ ಮುಂದೆ ಹಿಡಿದಳು.

"ಮೇಲಿನ ಪಟ್ಟಿ ಬಿಚ್ಚಿಕೊಡು. ಕತ್ತರಿ ಬೇಕೇನೋ."

"ಬೇಡ. ಆ ತುದಿ ದಾರ ಎಳಿ," ಎಂದೆ.

ಎಳೆದಳು. ಒಂದೇ ಎಳೆತಕ್ಕೆ ಉಗ್ರಾಣದ ಪಟ್ಟಿ ಕೈಗೆ ಬಂತು. ಕೆಳಗೆ ಕ್ರೇನ್ ಪಟ್ಟಿ ಹಾಗೆಯೇ ಇತ್ತು. ಅವಳು ದಾರವನ್ನೂ ನನ್ನನ್ನೂ ನೋಡಿದಳು.

"ಕಚ್ಚಾ ಹೊಲಿಗೆನಾ? ಆರು ತಿಂಗಳಿಂದಾನೂ?"

"ಗಟ್ಟಿ ಹೊಲಿಗೆ ಹಾಕೋಕೆ ನಂಗೆ ಮನಸ್ಸೇ ಬರ್ಲಿಲ್ಲ ಕಣೇ," ಎಂದೆ.